ಸ್ಲ್ಯಾಬ್ ಕೊರೆದಾಗ ತುಂಡಾದ ಸರಳಿನ ತುದಿಗೆ ತುಕ್ಕು ಹಿಡಿಯದಂತೆ ಮಾಡುವುದು ಹೇಗೆ?

ಮೇಲಿನ ಮಹಡಿಗೆ ಹೊಸ ಶೌಚಾಲಯ ಮಾಡಿಸುವವರು ಪೈಪಿಗಾಗಿ ಸ್ಲ್ಯಾಬ್ ಕೊರೆಸುತ್ತಾರೆ. ಒಳಗಿನಿಂದ ಮೆಟ್ಟಿಲು ಬೇಕೆನ್ನುವವರು ಸ್ಲ್ಯಾಬಿನ ಒಂದು ಭಾಗವನ್ನೇ ಕತ್ತರಿಸಿ ತೆಗೆಸುತ್ತಾರೆ. ಆಮೇಲೆ ಹುಬ್ಬಳ್ಳಿ-ಧಾರವಾಡದವರಿರಲಿ, ಗದಗ, ಹಾವೇರಿಯವರಿರಲಿ, ಕೇಳುವುದು ಒಂದೇ: "ಸರಳು ಕಟ್ ಆಗಿ ತುದಿ ಹೊರಗ ಕಾಣಾಕತ್ತಾವ, ಏನ್ ಹಚ್ಚಬೇಕ್ರಿ?"

ಏನು ಹಚ್ಚಬೇಕು ಎಂಬುದು ಎರಡನೆಯ ಪ್ರಶ್ನೆ. ಆ ತುದಿ ಕಾಂಕ್ರೀಟಿನ ಮೈಯಿಂದ ಎಷ್ಟು ಒಳಗಿದೆ ಎಂಬುದು ಮೊದಲನೆಯದು. ಮೈಗೆ ಸಮನಾಗಿ ನಿಂತ ತುದಿಗೆ ಎಂಥ ದುಬಾರಿ ಬಣ್ಣ ಬಳಿದರೂ ಅದು ಕೆಲವು ಮಳೆಗಾಲದ ಮಾತು. ಅದೇ ತುದಿಯನ್ನು 25-30 ಮಿ.ಮೀ. ಒಳಕ್ಕೆ ಸರಿಸಿ ಸಿಮೆಂಟಿನಿಂದ ಒತ್ತಿ ತುಂಬಿದರೆ, ಬಣ್ಣವೇ ಇಲ್ಲದಿದ್ದರೂ ಬಹುಕಾಲ ಉಳಿಯುತ್ತದೆ.

ಕಾರಣ ಸರಳ. ಒಳ್ಳೆಯ ಕಾಂಕ್ರೀಟ್ ಬಲವಾದ ಕ್ಷಾರ. ಅದರ ಪಿಎಚ್ 12.5ರಿಂದ 13ರ ಆಸುಪಾಸು. ಅಷ್ಟು ಕ್ಷಾರದಲ್ಲಿ ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನೊಳಕ್ಕೆ ನಿಧಾನವಾಗಿ ಇಳಿದಂತೆಲ್ಲ ಈ ಕ್ಷಾರ ಕುಂದುತ್ತದೆ. ಇದಕ್ಕೆ ಕಾರ್ಬೊನೇಶನ್ ಎನ್ನುತ್ತಾರೆ. ಪಿಎಚ್ 9ಕ್ಕಿಂತ ಕೆಳಗೆ ಹೋದರೆ ಆ ಪದರ ಉಳಿಯುವುದಿಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಇನ್ನೂ ಕೆಟ್ಟದ್ದು: ಕ್ಷಾರ ಇದ್ದರೂ ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ನೆನೆಹಾಕಿದ ಕಡಲೆ ಡಬ್ಬಿಯ ಮುಚ್ಚಳ ಎತ್ತಿದ ಹಾಗೆ ಅದು ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ತುದಿಯಲ್ಲಿ ಹತ್ತಿದ ತುಕ್ಕು ತುದಿಯಲ್ಲೇ ನಿಲ್ಲುವುದೂ ಇಲ್ಲ. ಸರಳಿನ ಗುಂಟ ಒಳಕ್ಕೆ ಹರಿಯುತ್ತದೆ.

ಟಿಎಂಟಿ ಸರಳಿಗೆ ತುಕ್ಕು ಹಿಡಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತುಕ್ಕು ನಿರೋಧಕ ಎಂದು ಮಾರುವ ಸರಳಿನಲ್ಲೂ ತುಕ್ಕಿನ ವೇಗ ತಗ್ಗುತ್ತದೆಯೇ ಹೊರತು ತುಕ್ಕು ನಿಲ್ಲುವುದಿಲ್ಲ.

ಬೇಕಾಗುವ ಸಾಮಾನು

ಚಿಕ್ಕ ಚಾಣ ಮತ್ತು ಸುತ್ತಿಗೆ, 6 ಮಿ.ಮೀ. ಬಿಟ್ ಹಾಕಿದ ಹ್ಯಾಮರ್ ಡ್ರಿಲ್, ಚಿಕ್ಕ ಡಿಸ್ಕ್ ಹಾಕಬಹುದಾದ ಡೈ ಗ್ರೈಂಡರ್, ತಂತಿ ಬ್ರಷ್, ಎಮರಿ ಪೇಪರ್, 43 ಅಥವಾ 53 ದರ್ಜೆಯ ತಾಜಾ ಸಿಮೆಂಟ್, ತೊಳೆದು ಜರಡಿ ಹಿಡಿದ ಉಸುಕು, ಎಸ್‌ಬಿಆರ್ ಲೇಟೆಕ್ಸ್, ನಾನ್-ಶ್ರಿಂಕ್ ಗ್ರೌಟ್. ಎಸ್‌ಬಿಆರ್ ಎಂದರೆ ಹಾಲಿನಂತಿರುವ ರಬ್ಬರ್ ದ್ರಾವಣ. ಸಿಮೆಂಟಿಗೆ ಬೆರೆಸಿದರೆ ಅಂಟು ಹೆಚ್ಚುತ್ತದೆ, ನೀರು ಜಿನುಗುವುದು ತಗ್ಗುತ್ತದೆ. ನಾನ್-ಶ್ರಿಂಕ್ ಗ್ರೌಟ್ ಎಂದರೆ ಒಣಗುವಾಗ ಕುಗ್ಗದ ಸಿಮೆಂಟ್ ಪುಡಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ.

ನೀರಿನ ಬಗ್ಗೆ ಒಂದು ಮಾತು. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಹೇಳುತ್ತದೆ. ನಿಮ್ಮ ಬೋರ್‌ವೆಲ್ ನೀರು ನಾಲಿಗೆಗೆ ಸವಳು ಎನಿಸಿದರೆ ಈ ಕೆಲಸಕ್ಕೆ ಮುಟ್ಟಬೇಡಿ. ಇಡೀ ಕೆಲಸಕ್ಕೆ ಬೇಕಾಗುವುದು ನಾಲ್ಕಾರು ಕೊಡ. ಹುಬ್ಬಳ್ಳಿ-ಧಾರವಾಡದಲ್ಲಾದರೆ ಮಲಪ್ರಭೆಯ ನಳದ ನೀರು ಹಿಡಿದಿಡಿ. ಉಳಿದ ಕಡೆ ಕುಡಿಯುವ ನೀರನ್ನೇ ಬಳಸಿ.

1. ಕೊರೆಯುವ ಮೊದಲು

ಸರಳು ಕತ್ತರಿಸುವುದೆಂದರೆ ಸ್ಲ್ಯಾಬಿನ ಬಲ ಕತ್ತರಿಸುವುದು. ಒಂದು ಪೈಪಿನ ತೂತಿಗೂ ಸ್ಟ್ರಕ್ಚರಲ್ ಎಂಜಿನಿಯರ್ ಒಮ್ಮೆ ನೋಡಲಿ. ಮೆಟ್ಟಿಲಿನ ಕಿಂಡಿಗಂತೂ ಅವರ ನಕ್ಷೆಯಿಲ್ಲದೆ ಗ್ರೈಂಡರ್ ಎತ್ತಲೇಬೇಡಿ. ಕಿಂಡಿಯ ಸುತ್ತ ಬೀಮ್ ಬೇಕೇ ಎಂದು ಲೆಕ್ಕ ಹಾಕಬೇಕಾದವರು ಅವರು. ಬೀಮ್, ಕಾಲಂ ಕೊರೆಯುವಂತಿಲ್ಲ. ಬಾಲ್ಕನಿ ಮತ್ತು ಛಜ್ಜಾದಲ್ಲಿ ಭಾರ ಹೊರುವ ಸರಳು ಇರುವುದು ಮೇಲ್ಭಾಗದಲ್ಲಿ. ನೀರು ಹರಿಯಲೆಂದು ಅಲ್ಲಿ ಮೇಲಿನಿಂದ ಗಾಡಿ, ಅಂದರೆ ಉದ್ದನೆಯ ತೋಡು, ಹೊಡೆಯುವುದು ನೇರವಾಗಿ ಅಪಾಯ. ದೊಡ್ಡ ವಾಣಿಜ್ಯ ಕಟ್ಟಡಗಳಲ್ಲಿ ಬಿಗಿದೆಳೆದ ಕೇಬಲ್ ಇರುವ ಪೋಸ್ಟ್-ಟೆನ್ಶನ್ ಸ್ಲ್ಯಾಬ್ ಇರಬಹುದು. ಕೇಬಲ್ ತುಂಡಾದರೆ ಜೀವಕ್ಕೇ ಕುತ್ತು.

ಎರಡನೆಯದು ತೂತಿನ ಅಳತೆ. ಇಲ್ಲೇ ಹೆಚ್ಚಿನವರು ತಪ್ಪುವುದು. ಕಮೋಡಿನ 110 ಮಿ.ಮೀ. ಪೈಪಿಗೆ 5 ಇಂಚಿನ, ಅಂದರೆ 127 ಮಿ.ಮೀ. ಬಿಟ್ ಹಾಕಿ ಕೊರೆಯುವುದು ರೂಢಿ. ಆಗ ಪೈಪಿನ ಸುತ್ತ ಉಳಿಯುವುದು 8.5 ಮಿ.ಮೀ. ಸಂದು. ಅದರೊಳಗೆ ಗ್ರೌಟ್ ಸರಿಯಾಗಿ ಇಳಿಯುವುದಿಲ್ಲ, ಇಳಿದರೂ ಸರಳಿನ ತುದಿಗೆ ಸಿಗುವ ಹೊದಿಕೆ ಅಷ್ಟೇ. 162 ಮಿ.ಮೀ. ಬಿಟ್ ಹಾಕಿದರೆ ಸುತ್ತಲೂ 26 ಮಿ.ಮೀ. ಸಿಗುತ್ತದೆ, ಆ ಗ್ರೌಟೇ ತುದಿಗೆ ಕವರ್ ಆಗುತ್ತದೆ. ಕವರ್ ಎಂದರೆ ಸರಳಿನ ಮೇಲಿನ ಕಾಂಕ್ರೀಟಿನ ದಪ್ಪ. ಐಎಸ್ 456ರ ಪ್ರಕಾರ ಮಳೆ ಗಾಳಿಗೆ ಸಿಗದ ಒಣ ಜಾಗಕ್ಕೆ 20 ಮಿ.ಮೀ., ಮಳೆ, ತೇವ ತಕ್ಕಮಟ್ಟಿಗೆ ತಾಗುವ (ಮಧ್ಯಮ ಒಡ್ಡಿಕೆಯ) ಜಾಗಕ್ಕೆ 30 ಮಿ.ಮೀ. ಬೇಕು. ತೂತು ದೊಡ್ಡದಾದರೆ ಇನ್ನೊಂದು ಸರಳು ಬಲಿಯಾಗಬಹುದು ಎಂಬುದೂ ನಿಜ. ಹಾಗಾಗಿ ಸರಳು ಎಲ್ಲಿದೆ ಎಂದು ರೀಬಾರ್ ಲೊಕೇಟರ್‌ನಿಂದ ಗುರುತು ಹಾಕಿಕೊಂಡು, ತೂತನ್ನು ಎರಡಿಂಚು ಅತ್ತಿತ್ತ ಸರಿಸಿ ನೋಡಿ.

ಸರಳು ತುಂಡಾಗದೆ ತಪ್ಪಿಸಿಕೊಂಡರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. 150 ಮಿ.ಮೀ. ಅಂತರದಲ್ಲಿ ಕಟ್ಟಿದ ಎರಡು 8 ಮಿ.ಮೀ. ಸರಳುಗಳ ನಡುವೆ 127ರ ಬಿಟ್ ಸರಿಯಾಗಿ ಮಧ್ಯದಲ್ಲೇ ಇಳಿದರೂ ಎರಡೂ ಕಡೆ ಉಳಿಯುವ ಕಾಂಕ್ರೀಟ್ ಸುಮಾರು 7 ಮಿ.ಮೀ. ಮಾತ್ರ. ಅದನ್ನೂ ತೆರೆದ ಸರಳೆಂದೇ ತಿಳಿಯಿರಿ.

2. ಕತ್ತರಿಸುವುದು, ಕೂಡಲೇ ತೊಳೆಯುವುದು

ಡೈಮಂಡ್ ಕೋರ್ ಬಿಟ್ ಕಾಂಕ್ರೀಟನ್ನೂ ಸರಳನ್ನೂ ಒಂದೇ ಸಮ ಕತ್ತರಿಸುತ್ತದೆ. ತೂತಿನ ಗೋಡೆಯಲ್ಲಿ ಸರಳಿನ ಕೊಯ್ದ ಮುಖ ಹೊಸ ನಾಣ್ಯದಂತೆ ಹೊಳೆಯುತ್ತಿರುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಅದೇ ಮುಖ ಕಂದಾಗಿ, ಕೆಳಗೆ ಹಳದಿ ಗೆರೆ ಇಳಿದಿರುತ್ತದೆ. ಆದ್ದರಿಂದ ಕೊರೆಯುವುದು ಮತ್ತು ಮುಚ್ಚುವುದರ ನಡುವೆ ವಾರಗಟ್ಟಲೆ ಅಂತರ ಬೇಡ.

ಗ್ಯಾಸ್ ಕಟರ್‌ನಿಂದ ಸರಳು ಕತ್ತರಿಸಲು ಬಿಡಬೇಡಿ. ಶಾಖ ಸರಳಿನ ಗುಂಟ ಒಳಕ್ಕೆ ಹೋಗಿ, ಸರಳು-ಕಾಂಕ್ರೀಟ್ ನಡುವಿನ ಹಿಡಿತ ಬಿಡುತ್ತದೆ. ಆ ಸಂದಿನಲ್ಲೇ ಮುಂದೆ ನೀರು ಇಳಿಯುವುದು. ಸರಳನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವುದರಿಂದಲೂ ಇದೇ ಹಾನಿ.

ಕೊರೆಯುವಾಗ ಬರುವ ಬೂದು ಬಣ್ಣದ ಕೆಸರನ್ನು ಒಣಗಲು ಬಿಡದೆ ಚೊಕ್ಕ ನೀರಿನಿಂದ ಬ್ರಷ್ ಹಾಕಿ ತೊಳೆಯಿರಿ. ಒಣಗಿದ ಮೇಲೆ ಬೆರಳಾಡಿಸಿದರೆ ಬಿಳಿ ಪುಡಿ ಹತ್ತುತ್ತದೆ. ಆ ಪುಡಿಯ ಮೇಲೆ ಯಾವ ಗ್ರೌಟೂ ಹಿಡಿಯುವುದಿಲ್ಲ. ಡೈಮಂಡ್ ಬಿಟ್ ಬಿಟ್ಟುಹೋಗುವ ಮೈ ಗಾಜಿನಂತೆ ನುಣುಪು. ಅದನ್ನೂ ಚಾಣದಿಂದ ಅಲ್ಲಲ್ಲಿ ಕಚ್ಚು ಹಾಕಿ ಒರಟು ಮಾಡಿ.

3. ತುದಿಯನ್ನು ಒಳಕ್ಕೆ ಸರಿಸುವುದು

ದೊಡ್ಡ ಬಿಟ್ ಹಾಕಿ, ಪೈಪಿನ ಸುತ್ತ 25 ಮಿ.ಮೀ. ಗ್ರೌಟಿಗೆ ಜಾಗ ಸಿಕ್ಕಿದ್ದರೆ ಈ ಹಂತ ಬೇಡ. ಇಲ್ಲದಿದ್ದರೆ ಪ್ರತಿ ತುದಿಗೂ ಒಂದು ಗೂಡು ತೆಗೆಯಬೇಕು.

ಸರಳಿನ ಸುತ್ತ ಸುಮಾರು 50 ಮಿ.ಮೀ. ಅಗಲದ ವೃತ್ತದಲ್ಲಿ 6 ಮಿ.ಮೀ. ಬಿಟ್‌ನಿಂದ 30 ಮಿ.ಮೀ. ಆಳದ ತೂತುಗಳನ್ನು ಒತ್ತೊತ್ತಾಗಿ ಹಾಕಿ. ನಡುವಿನ ಕಾಂಕ್ರೀಟನ್ನು ಚಿಕ್ಕ ಚಾಣದಿಂದ ಮೆಲ್ಲಗೆ ಬಿಡಿಸಿ. ಹೊಡೆತ ಸರಳಿಗೆ ಬೀಳಬಾರದು. ಬಿದ್ದರೆ ಒಳಗಿನ ಹಿಡಿತ ಅಲುಗುತ್ತದೆ. ಗೂಡಿನ ಬಾಯಿಗಿಂತ ತಳ ಚೂರು ಅಗಲವಾಗಿರಲಿ, ತುಂಬಿದ ಗಾರೆ ಕಳಚಿ ಬೀಳುವುದಿಲ್ಲ. ಆಮೇಲೆ ಡೈ ಗ್ರೈಂಡರಿನ ಚಿಕ್ಕ ಡಿಸ್ಕನ್ನು ಒಳಗಿಳಿಸಿ ಸರಳನ್ನು ಗೂಡಿನ ತಳದ ಹತ್ತಿರ ಕತ್ತರಿಸಿ. ನಾಲ್ಕು ಇಂಚಿನ ಗ್ರೈಂಡರಿನ ಗಾರ್ಡ್ ಬಿಚ್ಚಿ ಗೂಡಿನೊಳಗೆ ತುರುಕುವುದು ಹಲವೆಡೆ ಕಾಣುವ ಅಭ್ಯಾಸ. ಡಿಸ್ಕ್ ಸಿಕ್ಕಿಕೊಂಡು ಒಡೆದರೆ ಚೂರು ನೇರ ಮುಖಕ್ಕೆ ಬರುತ್ತದೆ, ಅವಕಾಶ ಕೊಡಬೇಡಿ.

ಮೆಟ್ಟಿಲಿನ ಕಿಂಡಿಯಂಥ ಉದ್ದ ಅಂಚಿದ್ದರೆ ಹತ್ತಾರು ಗೂಡು ತೆಗೆಯುವುದಕ್ಕಿಂತ ಒಳ್ಳೆಯ ದಾರಿ ಬೇರೆ ಇದೆ. ಅದನ್ನು ಕೆಡಹುವ ಮೊದಲೇ ನಿರ್ಧರಿಸಬೇಕು. ಕಿಂಡಿಯ ಅಂತಿಮ ಅಂಚಿನಿಂದ 75 ಮಿ.ಮೀ. ಆಚೆ, ಉಳಿಯುವ ಸ್ಲ್ಯಾಬಿನ ಕಡೆಗೆ, ಇನ್ನೊಂದು ಗೆರೆ ಎಳೆಯಿರಿ. ಆ ಗೆರೆಯಲ್ಲಿ ಮೇಲೂ ಕೆಳಗೂ 10 ಮಿ.ಮೀ. ಮಾತ್ರ ಕಟರ್ ಇಳಿಸಿ, ಸರಳು ಮುಟ್ಟಬೇಡಿ. ಕಾಂಕ್ರೀಟನ್ನು ಆ ಗೆರೆಯವರೆಗೂ ಒಡೆದು ತೆಗೆದು ಸರಳನ್ನು ಹಾಗೆಯೇ ಚಾಚಲು ಬಿಡಿ. ಈಗ ಸರಳನ್ನು ಅಂತಿಮ ಅಂಚಿಗಿಂತ 30 ಮಿ.ಮೀ. ಹಿಂದೆ, ಅಂದರೆ 45 ಮಿ.ಮೀ. ಚಾಚಿರುವಂತೆ ಕತ್ತರಿಸಿ. ಅಂಚಿಗೆ ಹಲಗೆ ಕಟ್ಟಿ ಆ 75 ಮಿ.ಮೀ. ಪಟ್ಟಿಯನ್ನು ಮೈಕ್ರೋ ಕಾಂಕ್ರೀಟಿನಿಂದ ತುಂಬಿದರೆ ಎಲ್ಲ ತುದಿಗಳೂ ಹೊಸ ಕಾಂಕ್ರೀಟಿನೊಳಗೆ ಸೇರಿಹೋಗುತ್ತವೆ. ಮೈಕ್ರೋ ಕಾಂಕ್ರೀಟ್ ಎಂದರೆ ಸಣ್ಣ ಕಡಿ ಬೆರೆತ, ಹರಿದು ಕೂರುವ ತಯಾರಿ ಮಿಶ್ರಣ. ಕೊಯ್ದ ಅಂಚಿಗೆ ಇದಕ್ಕಿಂತ ಗಟ್ಟಿಯಾದ ಪರಿಹಾರ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

4. ಹಳೆಯ ತುಕ್ಕು, ಹಳೆಯ ಕಾಂಕ್ರೀಟ್: ಪರೀಕ್ಷೆ

ಹೊಸ ಮನೆಯಾದರೆ ತಂತಿ ಬ್ರಷ್, ಎಮರಿ ಪೇಪರ್ ಸಾಕು. ಸರಳಿನ ತುದಿ ಮತ್ತು ಸುತ್ತಳತೆ ಬಿಳಿ ಲೋಹ ಕಾಣುವವರೆಗೆ ಉಜ್ಜಿ. ಹಳೆಯ ಮನೆಯಲ್ಲಿ ಗೂಡಿನೊಳಗೂ ಸರಳು ಪದರಪದರವಾಗಿ ಎದ್ದಿದ್ದರೆ, ಚೊಕ್ಕ ಸರಳು ಸಿಗುವವರೆಗೂ, ಅದರಾಚೆ ಇನ್ನೂ 50 ಮಿ.ಮೀ. ಕಾಂಕ್ರೀಟ್ ಬಿಡಿಸಬೇಕು.

ಕಾರ್ಬೊನೇಶನ್ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಲು ಅಗ್ಗದ ಪರೀಕ್ಷೆಯಿದೆ. ಪ್ರಯೋಗಾಲಯದ ಸಾಮಾನು ಮಾರುವಲ್ಲಿ ಸಿಗುವ 1 ಶೇಕಡಾ ಫಿನಾಲ್ಫ್ಥಲೀನ್ ದ್ರಾವಣವನ್ನು ಆಗಷ್ಟೇ ಒಡೆದ, ದೂಳು ಊದಿದ ಕಾಂಕ್ರೀಟಿನ ಮೇಲೆ ಸಿಂಪಡಿಸಿ. ಕಡು ಗುಲಾಬಿ ಬಂದರೆ ಕ್ಷಾರ ಉಳಿದಿದೆ. ಬಣ್ಣ ಬಾರದಿದ್ದರೆ ಆ ಕಾಂಕ್ರೀಟ್ ಸರಳನ್ನು ಕಾಯುವ ಶಕ್ತಿ ಕಳೆದುಕೊಂಡಿದೆ. ಡ್ರಿಲ್ಲಿನ ದೂಳು ಕೂತ ಮೈಮೇಲೆ ಸಿಂಪಡಿಸಿದರೆ ಸುಳ್ಳು ಗುಲಾಬಿ ಬರುತ್ತದೆ, ಗಮನವಿರಲಿ.

ವರ್ಷಗಟ್ಟಲೆ ಸವಳು ನೀರು ಸೋರಿದ ಸ್ಲ್ಯಾಬುಗಳಲ್ಲಿ ಇನ್ನೊಂದು ತೊಡಕು. ಅಲ್ಲಿ ಒಂದು ತುದಿಯನ್ನು ಮಾತ್ರ ಹೊಸ ಗಾರೆಯಿಂದ ಚೊಕ್ಕ ಮುಚ್ಚಿದರೆ ತುಕ್ಕು ಪಕ್ಕದ ಹಳೆಯ ಕಾಂಕ್ರೀಟಿನಲ್ಲಿ ಜೋರಾಗುತ್ತದೆ. ಹೊಸ ಗಾರೆಯೊಳಗಿನ ಸರಳು ಮತ್ತು ಉಪ್ಪು ಕುಡಿದ ಕಾಂಕ್ರೀಟಿನೊಳಗಿನ ಸರಳು ಬ್ಯಾಟರಿಯ ಎರಡು ತುದಿಗಳಾಗಿಬಿಡುತ್ತವೆ. ಛಾವಣಿಯ ಕೆಳಮೈ ಅಲ್ಲಲ್ಲಿ ಉಬ್ಬಿದ್ದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಅದು ತೂತು ಮುಚ್ಚುವ ಕೆಲಸವಲ್ಲ. ಇಡೀ ಸ್ಲ್ಯಾಬಿನ ದುರಸ್ತಿಯ ಲೆಕ್ಕ ಹಾಕಿಸಿ.

ತುಕ್ಕು ತೆಗೆಯಲು ಬಾತ್‌ರೂಮ್ ತೊಳೆಯುವ ಆಸಿಡ್ ಹಾಕುವವರಿದ್ದಾರೆ. ಅದು ಹೈಡ್ರೊಕ್ಲೋರಿಕ್ ಆಮ್ಲ. ತುಕ್ಕು ಕರಗುತ್ತದೆ, ಕ್ಲೋರೈಡ್ ಗೂಡಿನಲ್ಲೇ ಉಳಿಯುತ್ತದೆ. ಕಳ್ಳನಿಗೆ ಕೀಲಿಕೈ ಕೊಟ್ಟಂತಾಯಿತು, ಖಂಡಿತ ಬೇಡ.

5. ಈಗ ಹಚ್ಚುವುದು

ನಮ್ಮ ಮೊದಲ ಆಯ್ಕೆ ಸಿಮೆಂಟ್-ಎಸ್‌ಬಿಆರ್ ಲೇಪ. ಅಳತೆ ಬಟ್ಟಲಿನಲ್ಲಿ 3 ಭಾಗ ಸಿಮೆಂಟ್, 1 ಭಾಗ ಎಸ್‌ಬಿಆರ್, 1 ಭಾಗ ನೀರು. ಡಬ್ಬಿಯ ಮೇಲೆ ಬೇರೆ ಪ್ರಮಾಣ ಬರೆದಿದ್ದರೆ ಅದನ್ನೇ ಅನುಸರಿಸಿ. ಗಂಟಿಲ್ಲದಂತೆ ಕಲಸಿ ಬ್ರಷ್‌ನಿಂದ ತುದಿಗೂ ಸುತ್ತಲಿಗೂ ಹಚ್ಚಿ, ಅದು ಒಣಗಿದ ಮೇಲೆ ಅಡ್ಡಡ್ಡವಾಗಿ ಎರಡನೆಯ ಸಲ ಹಚ್ಚಿ. ಈ ಲೇಪ ಬರೀ ಮುಸುಕಲ್ಲ, ಸರಳಿಗೆ ಕ್ಷಾರವನ್ನೂ ಕೊಡುತ್ತದೆ. ಒದ್ದೆ ಗೂಡಿನಲ್ಲೂ ಹಿಡಿಯುತ್ತದೆ. ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುತ್-ರಾಸಾಯನಿಕ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಸರಳಿನ ಲೇಪಗಳಿಗೂ ಸಿಮೆಂಟೇ ಆಧಾರ.

ಝಿಂಕ್ ರಿಚ್ ಪ್ರೈಮರ್ ಕೂಡ ಒಳ್ಳೆಯದು. ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಆದರೆ ಸತುವಿಗೆ ಲೋಹದ ನೇರ ಸ್ಪರ್ಶ ಬೇಕು, ಮೈ ಪೂರ್ತಿ ಒಣಗಿರಬೇಕು. ತುಕ್ಕಿನ ಮೇಲೆ ಬಳಿದರೆ ದುಡ್ಡು ದಂಡ. ಇಪಾಕ್ಸಿಗೂ ಇದೇ ಮಾತು.

ರೆಡ್ ಆಕ್ಸೈಡ್ ಬೇಡ. ಕಿಟಕಿ ಗ್ರಿಲ್ಲಿಗೆ ಅದು ಸರಿ. ಸಿಮೆಂಟಿನ ಕ್ಷಾರ ತಾಗಿದರೆ ಅದರೊಳಗಿನ ಎಣ್ಣೆ ಸಾಬೂನಾಗಿ ಪದರ ಕಳಚುತ್ತದೆ, ಜೊತೆಗೆ ಮೇಲೆ ತುಂಬಿದ ಗಾರೆಯೂ ಹಿಡಿಯದೆ ಟೊಳ್ಳಾಗುತ್ತದೆ. ಡಾಂಬರಿನ ಬಣ್ಣವೂ ಗಾರೆಯನ್ನು ಹಿಡಿಯಗೊಡುವುದಿಲ್ಲ.

6. ತುಂಬುವುದು

ಗೂಡನ್ನು ಒಂದೆರಡು ತಾಸು ನೆನೆಸಿ. ಗಾರೆ ತುಂಬುವ ಹೊತ್ತಿಗೆ ಒಳಗೆ ತೇವ ಇರಬೇಕು, ನಿಂತ ನೀರು ಇರಬಾರದು. ಒಣ ಕಾಂಕ್ರೀಟ್ ಹೊಸ ಗಾರೆಯ ನೀರನ್ನು ಹೀರಿಕೊಂಡು ಅಂಚಿನಲ್ಲಿ ಬಿರುಕು ಬಿಡಿಸುತ್ತದೆ.

1 ಕೆ.ಜಿ. ಸಿಮೆಂಟ್, 3 ಕೆ.ಜಿ. ಉಸುಕು, 150ರಿಂದ 200 ಮಿ.ಲೀ. ಎಸ್‌ಬಿಆರ್. ನೀರು ಕೊನೆಗೆ, ಚೂರುಚೂರೇ: ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಲ್ಲಿ ನೀರು ಸೋರಬಾರದು. ಒಂದು ಗೂಡಿಗೆ ಹಿಡಿಯುವುದು ಸುಮಾರು 60 ಮಿ.ಲೀ. ಗಾರೆ; ಈ ಅಳತೆಯಲ್ಲಿ ಕಲಸಿದ್ದು ಸುಮಾರು ಮೂವತ್ತು ಗೂಡಿಗೆ ಸಾಕು. ಅರ್ಧ ತಾಸಿನಲ್ಲಿ ಮುಗಿಯುವಷ್ಟೇ ಕಲಸಿ. ತುಂಗಭದ್ರೆಯ ಉಸುಕಾದರೆ ಮಣ್ಣು ಹೋಗುವವರೆಗೆ ತೊಳೆಯಿರಿ. ಎಂ-ಸ್ಯಾಂಡ್ ಆದರೆ 2.36 ಮಿ.ಮೀ. ಜರಡಿ ಹಿಡಿಯಿರಿ.

ಗೂಡಿನೊಳಕ್ಕೆ ಲೇಪದ ದ್ರಾವಣವನ್ನೇ ಒಂದು ಕೈ ಬಳಿದು, ಅದು ಅಂಟಂಟಾಗಿರುವಾಗಲೇ ಗಾರೆಯನ್ನು 10-15 ಮಿ.ಮೀ. ಪದರದಲ್ಲಿ ಹಾಕಿ ಮರದ ಗೂಟದಿಂದ ಗುದ್ದಿ ಕೂರಿಸಿ. ಥಾಪಿಯಿಂದ ಮೇಲೆ ಸವರಿ ಬಿಡುವುದು ಗೌಂಡಿಗಳ ಅವಸರದ ಕೆಲಸ. ಹಿಂದೆ ಗಾಳಿ ಉಳಿಯುತ್ತದೆ, ಆ ಗಾಳಿಯ ಜಾಗಕ್ಕೆ ಮುಂದೆ ನೀರು ಬರುತ್ತದೆ.

ಪೈಪಿನ ಸುತ್ತ ತುಂಬುವುದಾದರೆ: ಪಿವಿಸಿ ಪೈಪ್ ನುಣುಪು, ಗ್ರೌಟ್ ಅದಕ್ಕೆ ಅಂಟುವುದಿಲ್ಲ. ಸ್ಲ್ಯಾಬಿನೊಳಗೆ ಬರುವ ಭಾಗವನ್ನು ಎಮರಿ ಪೇಪರ್‌ನಿಂದ ಉಜ್ಜಿ, ಸಾಲ್ವೆಂಟ್ ಸಿಮೆಂಟ್ ಬಳಿದು, ಹಸಿ ಇರುವಾಗಲೇ ಒಣ ಉಸುಕು ಉದುರಿಸಿ ಒಂದು ದಿನ ಬಿಡಿ. ಪೈಪನ್ನು ನಡುಮಧ್ಯ ನಿಲ್ಲಿಸಲು ಗಾರೆಯ ಚೂರು ಇಡಿ, ಕಟ್ಟಿಗೆ, ರಟ್ಟು ಬೇಡ. ಕೆಳಗೆ ಹಲಗೆ ಒತ್ತಿ ಆಸರೆ ಕೊಟ್ಟು, ಚೀಲದ ಮೇಲೆ ಬರೆದಷ್ಟೇ ನೀರು ಹಾಕಿದ ನಾನ್-ಶ್ರಿಂಕ್ ಗ್ರೌಟನ್ನು ಒಂದೇ ಕಡೆಯಿಂದ ಸುರಿಯಿರಿ; ಎರಡೂ ಕಡೆಯಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಬೀಳುತ್ತದೆ. 125 ಮಿ.ಮೀ. ದಪ್ಪದ ಸ್ಲ್ಯಾಬಿನಲ್ಲಿ 162ರ ತೂತು, 110ರ ಪೈಪ್ ಆದರೆ ಸುಮಾರು 1.4 ಲೀಟರ್ ಗ್ರೌಟ್ ಬೇಕು.

ಪ್ಲಂಬರ್, ಎಲೆಕ್ಟ್ರಿಷಿಯನ್ ಕೈಗೆ ಸಿಕ್ಕ ಪಿಒಪಿಯಿಂದ (ಪ್ಲಾಸ್ಟರ್ ಆಫ್ ಪ್ಯಾರಿಸ್) ತೂತು ಮುಚ್ಚಿ ಹೋಗುವುದುಂಟು. ಪಿಒಪಿಯಲ್ಲಿ ಸಿಮೆಂಟಿನ ಕ್ಷಾರವಿಲ್ಲ, ನೀರು ಹೀರುತ್ತದೆ. ಸರಳಿಗೆ ತಾಗಿದ ಪಿಒಪಿ ತುಕ್ಕಿನ ಗೂಡು. ಕೆರೆದು ತೆಗೆಸಿ. ಬೇಗ ಗಟ್ಟಿಯಾಗಲೆಂದು ಹಾಕುವ ಕೆಲವು ದ್ರಾವಣಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತದೆ. ಕ್ಲೋರೈಡ್ ಇಲ್ಲದ್ದು ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಮಾತ್ರ ಕೊಳ್ಳಿ.

7. ಆರೈಕೆ ಮತ್ತು ಪರೀಕ್ಷೆ

ಎಸ್‌ಬಿಆರ್ ಬೆರೆಸಿದ ಗಾರೆಯನ್ನು ಒಂದೆರಡು ದಿನ ಒದ್ದೆ ಗೋಣಿತಟ್ಟು, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿಟ್ಟು ಆಮೇಲೆ ಗಾಳಿಗೆ ಬಿಡಿ, ರಬ್ಬರಿನ ಪದರ ಕಟ್ಟಿಕೊಳ್ಳಲು ಒಣಗಬೇಕು. ಬರೀ ಸಿಮೆಂಟಿನ ಗ್ರೌಟಿಗೆ ಕನಿಷ್ಠ 7 ದಿನ ತೇವ ಬೇಕು. ಏಪ್ರಿಲ್ ಬಿಸಿಲಿನ ಒಣಗಾಳಿಗೆ ಮುಚ್ಚದೆ ಬಿಟ್ಟ ಗಾರೆ ಸಂಜೆಯೊಳಗೆ ಕೂದಲೆಳೆಯ ಬಿರುಕು ತೋರಿಸುತ್ತದೆ. ಆರೈಕೆ ಮುಗಿದ ಮೇಲೆ ಚಿಕ್ಕ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದದ್ದನ್ನು ತೆಗೆದು ಮತ್ತೆ ತುಂಬಿ. ಶೌಚಾಲಯವಾದರೆ ವಾಟರ್‌ಪ್ರೂಫಿಂಗ್ ಬಳಿದು, ಇಟ್ಟಂಗಿ ಚೂರು ತುಂಬುವ ಮೊದಲು 48 ತಾಸು ನೀರು ನಿಲ್ಲಿಸಿ ಕೆಳಗಿನಿಂದ ನೋಡಿ. ಎರೆಭೂಮಿಯ ಮೇಲಿನ ಮನೆಗಳಲ್ಲಿ ನೆಲ ಉಬ್ಬಿ ಕುಗ್ಗಿ ಬಿರುಕು ಮರುಕಳಿಸುವುದರಿಂದ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಒಮ್ಮೆ ಈ ಜಾಗ ನೋಡುವುದು ಒಳ್ಳೆಯದು.

ಮಾಳಿಗೆಯ ಮೇಲೆ ಬಿಟ್ಟ ಕಾಲಂ ಸರಳು

ಮುಂದೆ ಇನ್ನೊಂದು ಮಹಡಿ ಕಟ್ಟೋಣವೆಂದು ಬಿಟ್ಟ ಸರಳಿನ ಬಗ್ಗೆಯೂ ಅಷ್ಟೇ ಜನ ಕೇಳುತ್ತಾರೆ. ಅಲ್ಲಿ ಕೆಡುವುದು ಮೇಲಿನ ತುದಿಗಿಂತ ಹೆಚ್ಚಾಗಿ ಬುಡ. ಸರಳು ಕಾಂಕ್ರೀಟಿನಿಂದ ಹೊರಬರುವ ಜಾಗದಲ್ಲಿ ಮಳೆನೀರು ನಿಂತು, ಮೊದಲ ನಾಲ್ಕಾರು ಇಂಚು ತಿಂದುಹಾಕುತ್ತದೆ. ಕಾಲಂ ತಲೆಯ ಮೇಲೆ ಗಾರೆಯಿಂದ ಹೊರಕ್ಕೆ ಇಳಿಜಾರು ಮಾಡಿ, ಸರಳು ಉಜ್ಜಿ ಮೇಲೆ ಹೇಳಿದ ಲೇಪ ಎರಡು ಸಲ ಹಚ್ಚಿ. ವರ್ಷಗಟ್ಟಲೆ ಬಿಡುವುದಿದ್ದರೆ ಇಡೀ ಕಟ್ಟನ್ನು 1:4:8ರ (ಸಿಮೆಂಟ್, ಉಸುಕು, ಕಡಿ) ಬಡ ಕಾಂಕ್ರೀಟಿನಲ್ಲಿ ಹೂಳಿಡುವುದು ಉತ್ತಮ, ಬೇಕಾದಾಗ ಸುಲಭವಾಗಿ ಒಡೆಯುತ್ತದೆ. ಪ್ಲಾಸ್ಟಿಕ್ ಚೀಲ ಕಟ್ಟಬೇಡಿ, ಒಳಗೆ ಬೆವರು ಹಿಡಿಯುತ್ತದೆ. ಸರಳನ್ನು ಬಗ್ಗಿಸಿಡಲೂ ಬೇಡಿ, ಮತ್ತೆ ನೆಟ್ಟಗೆ ಮಾಡುವಾಗ ಬಿರುಕು ಬಿಡುತ್ತದೆ.

ಕಟ್ಟಲು ಹೊರಟಾಗ ತುಕ್ಕು ಪೂರ್ತಿ ಉಜ್ಜಿ, ಬುಡದಲ್ಲಿ ವರ್ನಿಯರ್ ಇಟ್ಟು ದಪ್ಪ ಅಳೆಯಿರಿ. ಲ್ಯಾಪಿಗೆ, ಅಂದರೆ ಹೊಸ ಸರಳನ್ನು ಪಕ್ಕದಲ್ಲಿಟ್ಟು ಜೋಡಿಸಲು, ಬೇಕಾದ ಉದ್ದ ಮೀರಿ ಸರಳು ಉಳಿದಿದ್ದರೆ ತುದಿಯಿಂದ 30 ಸೆಂ.ಮೀ. ತುಂಡು ತೆಗೆದು ತೂಗಿಯೂ ನೋಡಬಹುದು. ದಪ್ಪದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ತೂಕ: 16 ಮಿ.ಮೀ. ಸರಳು ಮೀಟರಿಗೆ 1.58 ಕೆ.ಜಿ., 30 ಸೆಂ.ಮೀ. ತುಂಡು ಸುಮಾರು 474 ಗ್ರಾಂ. ಹೊಸ ಸರಳಿನಲ್ಲೇ ಈ ದಪ್ಪಕ್ಕೆ 5 ಶೇಕಡಾ ಹೆಚ್ಚುಕಡಿಮೆಗೆ ಸರಳಿನ ಮಾನಕವಾದ ಐಎಸ್ 1786 ಒಪ್ಪುತ್ತದೆ. ತುಂಡು 450 ಗ್ರಾಂಗಿಂತ ಕಡಿಮೆ ತೂಗಿದರೆ, ಅಥವಾ ಬುಡದಲ್ಲಿ ಗುಳಿ ಬಿದ್ದಿದ್ದರೆ, ಕಾಂಕ್ರೀಟ್ ಹಾಕುವ ಮೊದಲು ಎಂಜಿನಿಯರಿಗೆ ತೋರಿಸಿ; ಹೊಸ ಸರಳು ಕೂರಿಸಬೇಕೇ ಎಂದು ಅವರು ಹೇಳುತ್ತಾರೆ.